ಗುಂಡು ಹಾರುವ ಮುಂಚಿನ ಹೊತ್ತು

ಕ್ವೆಂಟಿನ್ ಟರಂಟಿನೊ ಮಾಡಿದ ಸಿನಿಮಾಗಳಲ್ಲಿ ಯಾವುದು ಶ್ರೇಷ್ಠ ಎಂಬ ಜಗಳಕ್ಕೆ ಈಗ ಮೂವತ್ತು ವರ್ಷ ದಾಟಿದೆ. ಅದು ಇಷ್ಟು ಹುರುಪಿನಿಂದ ನಡೆಯಲು ಕಾರಣ ಅವನು ಕಡಿಮೆ ಸಿನಿಮಾ ಮಾಡಿರುವುದು. 1992ರ ‘ರಿಸರ್ವಾಯರ್ ಡಾಗ್ಸ್’ನಿಂದ 2019ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್’ವರೆಗೆ, ‘ಕಿಲ್ ಬಿಲ್’ನ ಎರಡು ಭಾಗಗಳನ್ನು ಅವನ ಲೆಕ್ಕದಂತೆ ಒಂದೇ ಎಂದುಕೊಂಡರೆ, ಒಟ್ಟು ಒಂಬತ್ತು. ಹತ್ತನೆಯದನ್ನು ಮಾಡಿ ಅಂಗಡಿ ಮುಚ್ಚುತ್ತೇನೆಂದು ಅವನೇ ಸಾರಿಕೊಂಡಿದ್ದಾನೆ. ನೂರು ಸಿನಿಮಾ ಮಾಡಿದವನ ಅಭಿಮಾನಿ ಅರ್ಧ ನೋಡಿ ಸುಮ್ಮನಾಗುತ್ತಾನೆ. ಒಂಬತ್ತು ಮಾಡಿದವನ ಅಭಿಮಾನಿ ಎಲ್ಲವನ್ನೂ ನಾಲ್ಕು ನಾಲ್ಕು ಸಲ ನೋಡಿ ನ್ಯಾಯಾಧೀಶನಾಗಿ ಕೂತುಬಿಡುತ್ತಾನೆ. ಹಾಗಾಗಿ ಸಿನಿಮಾಪ್ರಿಯರು ನಾಲ್ವರು ಸೇರಿದರೆ ಐದು ಪಟ್ಟಿ ಸಿದ್ಧವಾಗುತ್ತವೆ, ಐದಕ್ಕೂ ವಕೀಲರು ಸಿಗುತ್ತಾರೆ.

ಜಗಳ ಒಳ್ಳೆಯದೇ, ಅದರಲ್ಲಿ ಹಾಜರುಪಡಿಸುವ ಸಾಕ್ಷ್ಯದ ಬಗ್ಗೆ ನನ್ನ ತಕರಾರು. ಒಬ್ಬರು ಪೊಲೀಸಿನವನ ಕಿವಿ ಕೊಯ್ಯುವ ದೃಶ್ಯವನ್ನು ಮುಂದಿಡುತ್ತಾರೆ. ಇನ್ನೊಬ್ಬರಿಗೆ ಉಮಾ ಥರ್ಮನ್ ಎದೆಗೆ ಸೂಜಿ ನಾಟುವ ದೃಶ್ಯವೇ ಪ್ರಮಾಣ. ಮತ್ತೊಬ್ಬರು ಜಪಾನೀ ಕತ್ತಿ ಹಿಡಿದ ಅದೇ ಉಮಾ ಥರ್ಮನ್ ಟೋಕಿಯೋದ ಹೋಟೆಲೊಂದರಲ್ಲಿ ಡಜನ್‌ಗಟ್ಟಲೆ ಜನರನ್ನು ಕಡಿದು ಕೆಡವುವುದನ್ನು ತೋರಿಸಿ ‘ಇನ್ನೇನು ಬೇಕು?’ ಎನ್ನುತ್ತಾರೆ. ರಕ್ತ ಎಷ್ಟು ಎತ್ತರಕ್ಕೆ ಚಿಮ್ಮಿತು, ಎಷ್ಟು ಅಂದವಾಗಿ ಚಿಮ್ಮಿತು ಎಂಬುದೇ ಅಳತೆ. ವಿಚಿತ್ರವೆಂದರೆ, ಅವನನ್ನು ಕಂಡರಾಗದವರ ಕೈಯಲ್ಲೂ ಇರುವುದು ಇದೇ ಅಳತೆಗೋಲು. ಅವರು ಅದನ್ನು ತಲೆಕೆಳಗಾಗಿ ಹಿಡಿದು ಓದುತ್ತಾರೆ, ಅಷ್ಟೆ. ಭಕ್ತರೂ ನಿಂದಕರೂ ಅವನನ್ನು ರಕ್ತದ ವ್ಯಾಪಾರಿ ಎಂದೇ ನಂಬಿದ್ದಾರೆ. ಅವನ ಅಂಗಡಿಯ ನಿಜವಾದ ಸರಕು ಹೊತ್ತು ಎಂಬುದು ನನ್ನ ವಾದ. ಗುಂಡು ಹಾರುವ ಮುಂಚಿನ ಹೊತ್ತು, ಹಾರಿದ ಮೇಲಿನ ಹೊತ್ತು, ಇವೆರಡರ ನಡುವೆ ಮನುಷ್ಯರು ಆಡುವ ಮಾತು. ಇದನ್ನು ಒಪ್ಪಿದರೆ ಪಟ್ಟಿಯ ಕ್ರಮವೇ ಬದಲಾಗುತ್ತದೆ, ಸಾಮಾನ್ಯವಾಗಿ ನಾಲ್ಕನೆಯದೋ ಐದನೆಯದೋ ಸ್ಥಾನದಲ್ಲಿ ಬಿದ್ದಿರುವ 1997ರ ‘ಜಾಕಿ ಬ್ರೌನ್’ ಮೊದಲ ಸ್ಥಾನಕ್ಕೆ ಬರುತ್ತದೆ.

ಮೊದಲು ಸರಕಿನ ವಿಚಾರ. ‘ರಿಸರ್ವಾಯರ್ ಡಾಗ್ಸ್’ ದರೋಡೆಯ ಸಿನಿಮಾ, ಆದರೆ ಅದರಲ್ಲಿ ದರೋಡೆಯೇ ಇಲ್ಲ. ದರೋಡೆಗೆ ಮುಂಚೆ ಎಲ್ಲರೂ ಕೂತು ತಿಂಡಿ ತಿನ್ನುತ್ತ ಟಿಪ್ಸ್ ಕೊಡಬೇಕೋ ಬೇಡವೋ ಎಂದು ವಾದಿಸುವುದಿದೆ. ದರೋಡೆ ಕೆಟ್ಟ ಮೇಲೆ ಗೋದಾಮಿನಲ್ಲಿ ಒಬ್ಬರನ್ನೊಬ್ಬರು ಶಂಕಿಸುವುದಿದೆ. ಅಷ್ಟು ಕುಖ್ಯಾತವಾದ ಕಿವಿಯ ದೃಶ್ಯದಲ್ಲೂ ಕ್ಷೌರದ ಕತ್ತಿ ಕಿವಿಗೆ ತಾಗುವಾಗ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿದು ಗೋಡೆ ನೋಡುತ್ತದೆ. ಕಿವಿ ಕೊಯ್ದದ್ದನ್ನು ಕಂಡೆವೆಂದು ಪ್ರಮಾಣ ಮಾಡುವವರು ಕೇಳಿದ್ದು ಕೂಗನ್ನು ಮಾತ್ರ. ಆ ದೃಶ್ಯದ ನಿಜವಾದ ಭೀಕರತೆ ಮುಂದಿನ ಅರ್ಧ ನಿಮಿಷದಲ್ಲಿದೆ. ಕೊಯ್ದವನು ಪೆಟ್ರೋಲು ತರಲು ಹೊರಗೆ ಕಾರಿನತ್ತ ನಡೆಯುತ್ತಾನೆ. ಒಳಗೆ ರೇಡಿಯೊದಲ್ಲಿ ಕುಣಿಸುತ್ತಿದ್ದ ಹಾಡು ನಿಂತುಹೋಗಿ, ಬೀದಿಯ ಸಾಧಾರಣ ಸದ್ದು, ಸಾಧಾರಣ ಬಿಸಿಲು. ಡಿಕ್ಕಿಯಿಂದ ಡಬ್ಬ ತೆಗೆದು ಮರಳಿ ಬಾಗಿಲು ದಾಟಿದರೆ ಹಾಡು ಇನ್ನೂ ನಡೆಯುತ್ತಲೇ ಇದೆ. ಹಿಂಸೆಗೂ ಹಗಲಿನ ಬದುಕಿಗೂ ನಡುವೆ ಇರುವುದು ಒಂದು ಬಾಗಿಲು ಎಂದು ಕಂಡ ನೋಡುಗನಿಗೆ ಹೊಟ್ಟೆ ತೊಳಸುತ್ತದೆ. ಅಲ್ಲಿ ಕೆಲಸ ಮಾಡಿದ್ದು ನಡಿಗೆಯ ಹೊತ್ತು.

1994ರ ‘ಪಲ್ಪ್ ಫಿಕ್ಷನ್’ನಲ್ಲಂತೂ ಈ ಗುಟ್ಟನ್ನು ಅವನು ಬಹಿರಂಗವಾಗಿಯೇ ಹೇಳಿಬಿಡುತ್ತಾನೆ. ಕೊಲ್ಲಲು ಬಂದ ಜೂಲ್ಸ್ ಮತ್ತು ವಿನ್ಸೆಂಟ್ ಬಾಗಿಲ ಮುಂದೆ ನಿಂತು ಗಡಿಯಾರ ನೋಡುತ್ತಾರೆ. ಬೆಳಗಿನ 7 ಗಂಟೆ 22 ನಿಮಿಷ. ಇನ್ನೂ ಹೊತ್ತಾಗಿಲ್ಲವೆಂದು ಪಡಸಾಲೆಯ ಆ ತುದಿಗೆ ಸರಿದು, ಯಜಮಾನನ ಹೆಂಡತಿಯ ಕಾಲು ಒತ್ತುವುದು ತಪ್ಪೋ ಸರಿಯೋ ಎಂಬ ಚರ್ಚೆಯನ್ನು ಮುಂದುವರಿಸುತ್ತಾರೆ. ಕ್ಯಾಮೆರಾ ಅವರ ಹಿಂದೆ ಹೋಗದೆ ಬಾಗಿಲ ಬಳಿಯೇ ಕಾಯುತ್ತದೆ. ಬೇರೆ ಯಾವ ನಿರ್ದೇಶಕನಾದರೂ ಎಡಿಟಿಂಗ್‌ನಲ್ಲಿ ಮೊದಲು ಕತ್ತರಿಸುವುದು ಇದನ್ನೇ. ಇವನಿಗೆ ಇದೇ ಸಿನಿಮಾ. 2009ರ ‘ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್’ ತೆಗೆದುಕೊಳ್ಳಿ: ಫ್ರಾನ್ಸಿನ ಹಳ್ಳಿಯ ಹಾಲು ಮಾರುವವನ ಮನೆಯಲ್ಲಿ ಎಸ್‌ಎಸ್ ಅಧಿಕಾರಿ ಹಾನ್ಸ್ ಲಾಂಡಾ ಒಂದು ಲೋಟ ಹಾಲು ಕೇಳಿ ಕುಡಿದು, ಕಾಗದ ಹರಡಿ, ಪೆನ್ನಿಗೆ ಶಾಯಿ ತುಂಬಿ, ಫ್ರೆಂಚಿನಿಂದ ಇಂಗ್ಲಿಷಿಗೆ ಮಾತು ಬದಲಿಸಲು ವಿನಯದಿಂದ ಅನುಮತಿ ಬೇಡುತ್ತಾನೆ. ಸುಮಾರು ಇಪ್ಪತ್ತು ನಿಮಿಷ ಬರೀ ಮಾತು. ನೆಲದ ಹಲಗೆಗಳ ಕೆಳಗೆ ಉಸಿರು ಬಿಗಿಹಿಡಿದು ಮಲಗಿರುವ ಯೆಹೂದಿ ಕುಟುಂಬಕ್ಕೆ ಇಂಗ್ಲಿಷ್ ಬಾರದು, ಆ ಭಾಷಾಬದಲಾವಣೆಯೇ ಬಲೆ ಎಂದು ನಮಗೆ ಹೊಳೆಯುವಾಗ ಹೊತ್ತು ಮೀರಿದೆ. ಗುಂಡಿನ ಸದ್ದು ಕೆಲವೇ ಸೆಕೆಂಡು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಕರ್ಣಾರ್ಜುನರ ಯುದ್ಧವನ್ನು ಬರಿಯ ಮಾತಿನಲ್ಲಿ ಬೆಳಗಿನವರೆಗೆ ಎಳೆಯುವ ತಾಳಮದ್ದಳೆಯ ರುಚಿ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಅಲ್ಲಿ ಬಾಣ ಬಿಡುವುದು ಕೊನೆಯ ಶಾಸ್ತ್ರ. ಗೆಲುವು ಸೋಲು ಅರ್ಥಗಾರಿಕೆಯಲ್ಲೇ ತೀರ್ಮಾನವಾಗಿರುತ್ತದೆ.

ಸರಕು ಹೊತ್ತು ಎಂದಾದರೆ, ಶ್ರೇಷ್ಠ ಯಾವುದು ಎಂಬ ಪ್ರಶ್ನೆಯನ್ನು ಹೀಗೆ ಕೇಳಬೇಕು: ಯಾವ ಸಿನಿಮಾದಲ್ಲಿ ಅವನು ಹೊತ್ತನ್ನು ಅತ್ಯಂತ ಪ್ರಾಮಾಣಿಕವಾಗಿ ಬಳಸಿದ್ದಾನೆ? ಅವನಲ್ಲಿ ಕಾಲದ ಬಳಕೆ ಮೂರು ಬಗೆ. ನೋಡುಗನ ನರ ಬಿಗಿಯಲು ಕಾಲವನ್ನು ಎಳೆಯುವುದು ಒಂದು. ಕತೆಯ ಹಿಂದುಮುಂದನ್ನು ಕದಡಿ ಕಾಲವನ್ನು ಆಟಿಕೆಯಾಗಿಸುವುದು ಎರಡು. ನಡೆದುಹೋದ ಚರಿತ್ರೆಯನ್ನೇ ತಿದ್ದಿ ಕಾಲವನ್ನು ನಮ್ಮ ಆಸೆಗೆ ಬಗ್ಗಿಸುವುದು ಮೂರು. ಮೂರರಲ್ಲೂ ಅವನು ಗಟ್ಟಿಗ. ಆದರೆ ಮೂರರಲ್ಲೂ ಕಾಲ ಅವನ ಆಳು. ಅವನು ಹೇಳಿದಂತೆ ನಿಲ್ಲುತ್ತದೆ, ಓಡುತ್ತದೆ, ಹಿಂದಕ್ಕೂ ತಿರುಗುತ್ತದೆ. ನಮ್ಮ ನಿಮ್ಮ ಬದುಕಿನಲ್ಲಿ ಕಾಲ ಯಾರ ಆಳೂ ಅಲ್ಲ. ಈ ಸತ್ಯಕ್ಕೆ ಅವನು ಪೂರ್ತಿ ತಲೆಬಾಗಿದ್ದು ಒಂದೇ ಸಲ.

ಮಿಕ್ಕವನ್ನು ಈ ಅಳತೆಯಲ್ಲಿ ಇಟ್ಟು ನೋಡೋಣ. ‘ಪಲ್ಪ್ ಫಿಕ್ಷನ್’ ಕಾನ್ ಚಿತ್ರೋತ್ಸವದ ಪಾಮ್ ದೋರ್ ಗೆದ್ದದ್ದು, ಸುಮಾರು 80 ಲಕ್ಷ ಡಾಲರಿನಲ್ಲಿ ತಯಾರಾಗಿ 20 ಕೋಟಿಗೂ ಹೆಚ್ಚು ಗಳಿಸಿದ್ದು, ಮೂಲ ಚಿತ್ರಕತೆಗೆ ಆಸ್ಕರ್ ಪಡೆದದ್ದು ಎಲ್ಲ ನಿಜ. ಅದರ ಮೋಜು ಇರುವುದು ಕಾಲವನ್ನು ಇಸ್ಪೀಟಿನೆಲೆಯಂತೆ ಕಲಸಿರುವುದರಲ್ಲಿ. ಸಿನಿಮಾದ ನಡುವೆ ಸತ್ತ ವಿನ್ಸೆಂಟ್ ಕೊನೆಯ ದೃಶ್ಯದಲ್ಲಿ ಚಡ್ಡಿ ತೊಟ್ಟು ಠೀವಿಯಿಂದ ಹೋಟೆಲಿನಿಂದ ಹೊರನಡೆಯುತ್ತಾನೆ. ಅದರ ಚಂದವನ್ನು ಒಪ್ಪುತ್ತಲೇ ಬೆಲೆಯನ್ನೂ ಲೆಕ್ಕ ಹಾಕಬೇಕು: ಸತ್ತವನು ಎದ್ದು ನಡೆಯಬಲ್ಲ ಲೋಕದಲ್ಲಿ ಸಾವಿಗೆ ತೂಕವಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಮಾರ್ವಿನ್ ಎಂಬ ಹುಡುಗನ ತಲೆ ಆಕಸ್ಮಿಕವಾಗಿ ಹಾರಿಹೋಗುತ್ತದೆ. ಮುಂದಿನ ಅಧ್ಯಾಯವೆಲ್ಲ ಸೀಟು ತೊಳೆಯುವುದು ಹೇಗೆ, ಗೆಳೆಯನ ಹೆಂಡತಿ ಮನೆಗೆ ಬರುವುದರೊಳಗೆ ಜಾಗ ಖಾಲಿ ಮಾಡುವುದು ಹೇಗೆ ಎಂಬ ಚಿಂತೆ. ನಾವು ನಗುತ್ತೇವೆ, ನಗಲೇಬೇಕು, ಅಷ್ಟು ಚೆನ್ನಾಗಿ ಬರೆದಿದ್ದಾನೆ. ಆದರೆ ಮಾರ್ವಿನ್ ಯಾರ ಮಗ ಎಂದು ಆ ಸಿನಿಮಾ ಒಂದು ಕ್ಷಣವೂ ಕೇಳಿಕೊಳ್ಳುವುದಿಲ್ಲ.

‘ಕಿಲ್ ಬಿಲ್’ 2003 ಮತ್ತು 2004ರಲ್ಲಿ ಎರಡು ಭಾಗವಾಗಿ ಬಂತು. ಅದರ ಟೋಕಿಯೋ ಕಾಳಗ ಕಸುಬಿನ ದೃಷ್ಟಿಯಿಂದ ಅದ್ಭುತ. ಅಮೆರಿಕದ ಪ್ರತಿಯಲ್ಲಿ ಸೆನ್ಸಾರ್ ದರ್ಜೆಯ ಕಾಟಕ್ಕೆ ಅದರ ಬಹುಭಾಗವನ್ನು ಕಪ್ಪುಬಿಳುಪಿಗೆ ತಿರುಗಿಸಬೇಕಾಯಿತು ಎಂದರೆ ರಕ್ತದ ಪ್ರಮಾಣ ಊಹಿಸಿಕೊಳ್ಳಬಹುದು. ಆದರೆ ಆ ರಕ್ತ ಬಣ್ಣದೋಕುಳಿ. ಬಿದ್ದವರ ಹೆಸರು ಯಾರಿಗೂ ಬೇಡ. ಅದೇ ಸಿನಿಮಾದಲ್ಲಿ ಮನಸ್ಸಿನಲ್ಲಿ ಉಳಿಯುವ ಕೊಲೆ ಬೇರೆ. ಅಮೆರಿಕದ ಒಂದು ಸಾಧಾರಣ ಮನೆಯಲ್ಲಿ ಇಬ್ಬರು ಹೆಂಗಸರು ಚಾಕು ಹಿಡಿದು ಹೊಡೆದಾಡುತ್ತಿರುವಾಗ ಕಿಟಕಿಯಾಚೆ ಶಾಲೆಯ ಬಸ್ಸು ಬಂದು ನಿಲ್ಲುತ್ತದೆ. ಪುಟ್ಟ ಮಗಳು ಒಳಗೆ ಬರುವಷ್ಟರಲ್ಲಿ ಇಬ್ಬರೂ ಚಾಕುಗಳನ್ನು ಬೆನ್ನ ಹಿಂದೆ ಅಡಗಿಸಿ ನಿಂತಿರುತ್ತಾರೆ. ಕೊನೆಗೆ ತಾಯಿ ಸತ್ತು, ಮಗು ಬಾಗಿಲಲ್ಲಿ ನಿಂತಾಗ ಕೊಂದವಳು ಹೇಳುವ ಮಾತಿನ ತಾತ್ಪರ್ಯ ಇಷ್ಟು: ನೀನು ದೊಡ್ಡವಳಾದ ಮೇಲೂ ಇದು ನಿನ್ನನ್ನು ಸುಡುತ್ತಿದ್ದರೆ, ನಾನು ಕಾಯುತ್ತಿರುತ್ತೇನೆ. ಹಿಂಸೆ ಮುಂದಿನ ಹತ್ತು ಹದಿನೈದು ವರ್ಷಕ್ಕೆ ಬೀಜ ಬಿತ್ತಿತೆಂದು ಆ ಕ್ಷಣ ತಿಳಿಯುತ್ತದೆ. ಡಜನ್‌ಗಟ್ಟಲೆ ಹೆಣಗಳಿಗಿಲ್ಲದ ತೂಕ ಈ ಒಂದು ಹೆಣಕ್ಕೆ ಬಂದದ್ದು ಅದರ ಮುಂದೆ ಒಂದು ಮಗುವಿನ ಭವಿಷ್ಯ ಬಿದ್ದಿರುವುದರಿಂದ. ಇಂಥ ಕ್ಷಣಗಳು ‘ಕಿಲ್ ಬಿಲ್’ನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ, ಇಡೀ ಸಿನಿಮಾ ಅವುಗಳ ಮೇಲೆ ನಿಂತಿಲ್ಲ.

ಕಿರಿಯ ಸ್ಥಾನಗಳ ವಿಲೇವಾರಿ ಬೇಗ ಮುಗಿಸಬಹುದು. 2007ರ ‘ಡೆತ್ ಪ್ರೂಫ್’ ತನ್ನ ಪಟ್ಟಿಯ ತಳ ಎಂದು ನಿರ್ದೇಶಕನೇ ಒಪ್ಪಿರುವುದರಿಂದ ಅಲ್ಲಿ ವ್ಯಾಜ್ಯವಿಲ್ಲ. 2015ರ ‘ದಿ ಹೇಟ್‌ಫುಲ್ ಎಯ್ಟ್’ ಹಿಮಗಾಳಿಗೆ ಸಿಕ್ಕ ಒಂದೇ ಕೋಣೆಯಲ್ಲಿ ಮಾತು ಮತ್ತು ಕಾಯುವಿಕೆಯನ್ನೇ ತುಂಬಿಸಿದ ಪ್ರಯೋಗ, ನನ್ನ ಅಳತೆಗೆ ಅದೇ ಗೆಲ್ಲಬೇಕಿತ್ತು. ಗೆಲ್ಲುವುದಿಲ್ಲ. ಅಲ್ಲಿರುವ ಎಲ್ಲರೂ ಒಂದೇ ತೂಕದ ಕೇಡಿಗರು; ಯಾರು ಸತ್ತರೂ ಯಾರಿಗೂ ನಷ್ಟವಿಲ್ಲದ ಕಡೆ ಕಾಯುವಿಕೆ ಬರೀ ಒಗಟು ಬಿಡಿಸುವ ಆಟವಾಗುತ್ತದೆ. 2012ರ ‘ಜಾಂಗೋ ಅನ್‌ಚೈನ್ಡ್’ನಲ್ಲಿ ಅವನು ಎರಡು ಬಗೆಯ ಹಿಂಸೆಯನ್ನು ಬೇರ್ಪಡಿಸುತ್ತಾನೆ. ಗುಲಾಮನ ಮೇಲೆ ನಾಯಿ ಬಿಡುವ ಹಿಂಸೆಯಲ್ಲಿ ತಮಾಷೆಯ ಸುಳಿವಿಲ್ಲ; ಗುಲಾಮರ ಒಡೆಯರು ಸಾಯುವಾಗ ರಕ್ತ ಕಾರಂಜಿ. ಈ ವಿವೇಕ ಮೆಚ್ಚತಕ್ಕದ್ದು. ಆದರೆ ಕೊನೆಗೆ ಬಂಗಲೆ ಉಡಾಯಿಸಿ ಕುದುರೆ ಕುಣಿಸುವಾಗ ಮೊದಲನೆಯ ಹಿಂಸೆಯ ನೋವನ್ನು ಎರಡನೆಯದರ ಕೇಕೆ ನುಂಗಿಹಾಕುತ್ತದೆ.

‘ಬಾಸ್ಟರ್ಡ್ಸ್’ ಮಾತ್ರ ಗಟ್ಟಿ ಎದುರಾಳಿ. ಅದರ ಕೊನೆಯ ಮಾತಿನಲ್ಲಿ ಬ್ರಾಡ್ ಪಿಟ್‌ನ ಬಾಯಿಂದ, ಇದೇ ತನ್ನ ಮಹಾಕೃತಿಯಿರಬಹುದೆಂದು ಟರಂಟಿನೊ ಸ್ವತಃ ತನ್ನ ಪರವಾಗಿ ಮತ ಹಾಕಿಕೊಂಡಂತಿದೆ. ಹಾಲಿನ ಲೋಟದ ದೃಶ್ಯ, ನೆಲಮಾಳಿಗೆಯ ಹೆಂಡದಂಗಡಿಯ ದೃಶ್ಯ ಎರಡೂ ಅವನು ಬರೆದ ಅತ್ಯುತ್ತಮ ಬಿಡಿ ದೃಶ್ಯಗಳು ಎಂದು ನಾನು ಬರೆದುಕೊಡಲು ಸಿದ್ಧ. ಹೆಂಡದಂಗಡಿಯಲ್ಲಿ ಜರ್ಮನ್ ವೇಷದ ಬ್ರಿಟಿಷ್ ಅಧಿಕಾರಿ ಮೂರು ಗ್ಲಾಸು ಕೇಳುವಾಗ ಜರ್ಮನ್ನರಂತೆ ಹೆಬ್ಬೆರಳು ಸೇರಿಸದೆ ನಡುವಿನ ಮೂರು ಬೆರಳು ಎತ್ತಿಬಿಡುತ್ತಾನೆ. ಆಮೇಲಿನದೆಲ್ಲ ಸಾವಿಗೆ ಕಾಯುತ್ತ ಆಡುವ ಮರ್ಯಾದೆಯ ಮಾತು. ಆದರೆ ಸಿನಿಮಾ ಎಂದರೆ ದೃಶ್ಯಗಳ ಮೊತ್ತ ಮಾತ್ರವಲ್ಲ. ಇಷ್ಟು ಹೊತ್ತು ಬಿಗಿದ ದಾರವನ್ನು ಅವನು ಕೊನೆಗೆ ಕಟ್ಟುವುದು ಹಿಟ್ಲರನನ್ನು ಪ್ಯಾರಿಸ್ಸಿನ ಚಿತ್ರಮಂದಿರವೊಂದರಲ್ಲಿ ಗುಂಡಿಕ್ಕಿ ಸುಡುವುದಕ್ಕೆ. ಹತ್ತಿ ಉರಿಯುವ ನೈಟ್ರೇಟ್ ಫಿಲ್ಮಿನ ರಾಶಿಯೇ ಅಲ್ಲಿ ಮದ್ದುಗುಂಡು. ಸಿನಿಮಾ ಚರಿತ್ರೆಯನ್ನು ಸುಡುತ್ತದೆ ಎಂಬ ಚಮತ್ಕಾರ. ತನ್ನ ಶೂರ ಗುರಿಕಾರ ಶತ್ರುಗಳನ್ನು ಉರುಳಿಸುವ ಪ್ರಚಾರಚಿತ್ರ ನೋಡಿ ಹಿಟ್ಲರ್ ನಗುವುದನ್ನು ತೋರಿಸಿ, ಆಮೇಲೆ ಅವನು ಸಾಯುವುದನ್ನು ನೋಡಿ ನಾವೂ ಹಾಗೇ ನಗುವಂತೆ ಮಾಡುತ್ತಾನೆ, ಇದು ನಮಗೇ ಹಿಡಿದ ಕನ್ನಡಿ ಎಂದು ಅದರ ವಕೀಲರು ಹೇಳುತ್ತಾರೆ. ಒಪ್ಪಿದೆ. ಆದರೂ ಕನ್ನಡಿ ಹಿಡಿದವನೇ ಮೊದಲು ಕೇಕೆ ಹಾಕುತ್ತಿದ್ದಾನೆ. ಹಲಗೆಯ ಕೆಳಗೆ ಸತ್ತ ಆ ಕುಟುಂಬಕ್ಕೆ ಕಾಲ ಹಿಂದಿರುಗಲಿಲ್ಲ. ನಮ್ಮ ಸಮಾಧಾನಕ್ಕೆ ಮಾತ್ರ ಹಿಂದಿರುಗಿತು.

ಈಗ ‘ಜಾಕಿ ಬ್ರೌನ್’. ಕತೆ ಸಣ್ಣದು. ಜಾಕಿ ನಲವತ್ತನಾಲ್ಕರ ಕರಿಯ ಗಗನಸಖಿ. ಒಳ್ಳೆಯ ಕಂಪನಿಗಳಿಂದ ಜಾರಿ ಜಾರಿ ಮೆಕ್ಸಿಕೋಗೆ ಹಾರುವ ಪುಟ್ಟ ವಿಮಾನ ಕಂಪನಿಯೊಂದಕ್ಕೆ ಬಂದು ಬಿದ್ದವಳು. ವರ್ಷಕ್ಕೆ 16,000 ಡಾಲರ್ ಸಂಬಳ. ಆರ್ಡೆಲ್ ಎಂಬ ಬಂದೂಕು ಮಾರುವವನ ಹಣವನ್ನು ಗುಟ್ಟಾಗಿ ಸಾಗಿಸುವಾಗ ಸಿಕ್ಕಿಬೀಳುತ್ತಾಳೆ. ಬಾಯಿಬಿಟ್ಟರೆ ಆರ್ಡೆಲ್ ಕೊಲ್ಲುತ್ತಾನೆ, ಬಿಡದಿದ್ದರೆ ಜೈಲು. ಇಬ್ಬರನ್ನೂ ಏಮಾರಿಸಿ ಅವನ ಐದು ಲಕ್ಷ ಡಾಲರ್ ಹೊಡೆಯುವ ಮೂರನೆಯ ದಾರಿಯನ್ನು ಅವಳು ಹುಡುಕುತ್ತಾಳೆ. ಜೊತೆಗೆ ಮ್ಯಾಕ್ಸ್ ಚೆರಿ, ಶುಲ್ಕ ಪಡೆದು ಆರೋಪಿಗಳಿಗೆ ಜಾಮೀನು ಕಟ್ಟುವ ಐವತ್ತಾರರ ವ್ಯಾಪಾರಿ. ಶೀರ್ಷಿಕೆಗಳು ಓಡುವಾಗಲೇ ಇಡೀ ಸಿನಿಮಾ ಇದೆ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಚಲಿಸುವ ಪಟ್ಟಿಯ ಮೇಲೆ ನೀಲಿ ಸಮವಸ್ತ್ರದ ಪ್ಯಾಮ್ ಗ್ರಿಯರ್ ರಾಣಿಯಂತೆ ನಿಶ್ಚಲವಾಗಿ ನಿಂತು ಸಾಗುತ್ತಾಳೆ. ಬಾಬಿ ವೊಮ್ಯಾಕ್‌ನ ಹಾಡು ನಡೆದಂತೆ ಪಟ್ಟಿ ಮುಗಿದು ನಡಿಗೆ, ನಡಿಗೆ ಬಿರುಸಾಗಿ, ಕೊನೆಗೆ ಡ್ಯೂಟಿಗೆ ತಡವಾಯಿತೆಂದು ಓಟ. ಎಪ್ಪತ್ತರ ದಶಕದಲ್ಲಿ ‘ಕಾಫಿ’, ‘ಫಾಕ್ಸಿ ಬ್ರೌನ್’ ಮುಂತಾದ ಸಿನಿಮಾಗಳಲ್ಲಿ ಬಂದೂಕು ಹಿಡಿದು ತೆರೆ ಆಳಿದ್ದ ನಟಿ ಈಗ ತಿಂಗಳ ಸಂಬಳಕ್ಕೆ ಓಡುತ್ತಿದ್ದಾಳೆ. ಇಪ್ಪತ್ತು ವರ್ಷ ಏನಾಯಿತೆಂದು ಒಂದು ಮಾತೂ ಇಲ್ಲದೆ ಮೂರು ನಿಮಿಷದಲ್ಲಿ ತಿಳಿಯುತ್ತದೆ.

ಅದರ ನಟ್ಟನಡುವಿನ ದೃಶ್ಯ ಗುಂಡಿನದಲ್ಲ, ಕಾಫಿಯದು. ಜಾಮೀನಿನ ಮೇಲೆ ಬಂದ ಮರುದಿನ ಬೆಳಿಗ್ಗೆ ಜಾಕಿಯ ಮನೆಯಲ್ಲಿ ಮ್ಯಾಕ್ಸ್ ಕೂತಿದ್ದಾನೆ. ಹಿಂದಿನ ರಾತ್ರಿ ಅವಳು ಅವನ ಕಾರಿನಿಂದ ಪಿಸ್ತೂಲು ಎಗರಿಸಿ, ಕತ್ತು ಹಿಚುಕಲು ಬಂದ ಆರ್ಡೆಲ್‌ನ ತೊಡೆಸಂದಿಗೆ ಅದನ್ನು ಒತ್ತಿ ಪ್ರಾಣ ಉಳಿಸಿಕೊಂಡಿದ್ದಾಳೆ. ಅವನು ಬಂದಿರುವುದು ಆ ಪಿಸ್ತೂಲಿಗೆ. ಅವಳು ಡೆಲ್ಫಾನಿಕ್ಸ್ ತಂಡದ ಹಳೆಯ ರೆಕಾರ್ಡು ಹಾಕುತ್ತಾಳೆ. ವಯಸ್ಸಾಗುವುದರ ಬಗ್ಗೆ, ಉದುರುವ ಕೂದಲು, ಹೆಚ್ಚುವ ಸೊಂಟದ ಬಗ್ಗೆ ಇಬ್ಬರೂ ನಾಚಿಕೆಯಿಲ್ಲದೆ ಮಾತಾಡುತ್ತಾರೆ. ಈ ಕೆಲಸ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಶುರು ಮಾಡಲು ಕೈಯಲ್ಲಿ ಏನೂ ಉಳಿದಿಲ್ಲ, ಆರ್ಡೆಲ್‌ಗಿಂತ ನನಗೆ ಅದರ ಭಯವೇ ಹೆಚ್ಚು ಎಂಬರ್ಥದ ಮಾತು ಜಾಕಿ ಹೇಳುತ್ತಾಳೆ. ಹಿಂಸೆಗೆ ಹೆಸರಾದ ನಿರ್ದೇಶಕನೊಬ್ಬ ತನ್ನ ನಾಯಕಿಯ ಬಾಯಲ್ಲಿ, ಕೊಲೆಗಾರನಿಗಿಂತ ಕಾಲ ಭಯಂಕರ ಎಂದು ಹೇಳಿಸಿದ ಘಳಿಗೆ ಇದು. ಟರಂಟಿನೊಗೆ ಆಗ ಮೂವತ್ತನಾಲ್ಕು ವರ್ಷ. ಆಮೇಲೆ ಮ್ಯಾಕ್ಸ್ ಅಂಗಡಿಗೆ ಹೋಗಿ ಡೆಲ್ಫಾನಿಕ್ಸ್ ಕ್ಯಾಸೆಟ್ ಕೊಂಡು ಕಾರಿನಲ್ಲಿ ಹಾಕಿಕೊಂಡು ತಿರುಗುತ್ತಾನೆ. ಪ್ರೀತಿಯಾಗಿದೆ ಎಂದು ಅವನು ಯಾರಿಗೂ ಹೇಳುವುದಿಲ್ಲ. ರಾಬರ್ಟ್ ಫಾರ್ಸ್ಟರ್‌ಗೆ ಈ ಪಾತ್ರ ಆಸ್ಕರ್ ನಾಮನಿರ್ದೇಶನ ತಂದುಕೊಟ್ಟಿತು.

ಹಾಗೆಂದು ಹಿಂಸೆಯಿಲ್ಲವೆ? ಇದೆ, ನಾಲ್ಕು ಸಾವು. ಲೆಕ್ಕ ಹಾಕಲು ಒಂದು ಕೈ ಸಾಕು, ಒಂದೊಂದನ್ನೂ ಮರೆಯಲಾಗುವುದಿಲ್ಲ. ಆರ್ಡೆಲ್ ತನ್ನ ಆಳು ಬೋಮಾಂಟ್‌ನನ್ನು ಕಾರಿನ ಡಿಕ್ಕಿಯೊಳಗೆ ಮಲಗಿಸಲು ಪಡುವ ಪಾಡು ನಗು ಬರಿಸುವಂಥದ್ದು: ಸಲುಗೆ, ಹಂಗು, ಕೊನೆಗೆ ಕೋಳಿ ಊಟದ ಆಸೆ. ಡಿಕ್ಕಿ ಮುಚ್ಚಿದ ಮೇಲೆ ಕ್ಯಾಮೆರಾ ನಿಧಾನವಾಗಿ ಮೇಲೇರಿ ದೂರ ನಿಲ್ಲುತ್ತದೆ. ಕಾರು ತಿರುವು ಹಾಕಿ ಪಕ್ಕದ ಖಾಲಿ ಜಾಗಕ್ಕೆ ಹೋಗುತ್ತದೆ, ಎರಡು ಸದ್ದು. ಮುಖವಿಲ್ಲ, ರಕ್ತವಿಲ್ಲ, ನಡುವೆ ಒಂದು ಕಟ್ಟೂ ಇಲ್ಲ. ನಗಿಸಿದ ಮಾತೆಲ್ಲ ಕೊಲೆಯ ಸಲಕರಣೆಯಾಗಿತ್ತು ಎಂದು ಆಗ ಹೊಳೆಯುತ್ತದೆ. ಇನ್ನೊಂದು ಕಡೆ, ಮಾಲ್‌ನ ಪಾರ್ಕಿಂಗ್‌ನಲ್ಲಿ ಕಾರು ಎಲ್ಲಿ ನಿಲ್ಲಿಸಿದೆವೆಂದು ಮರೆತ ಆರ್ಡೆಲ್‌ನ ಸಂಗಾತಿ ಲೂಯಿಸನನ್ನು ಅದೇ ಗುಂಪಿನ ಮೆಲನಿ ಬಿಡದೆ ಅಣಕಿಸುತ್ತಾಳೆ, ಲೂಯಿಸನಾದ ರಾಬರ್ಟ್ ಡಿ ನಿರೋ ತಟ್ಟನೆ ಗುಂಡು ಹಾರಿಸಿಬಿಡುತ್ತಾನೆ. ಬಿದ್ದವಳನ್ನು ಕ್ಯಾಮೆರಾ ತೋರಿಸುವುದಿಲ್ಲ. ಲೂಯಿಸ್ ಹೊಸದಾಗಿ ಜೈಲಿನಿಂದ ಬಂದವನು, ಅವನಿಗೆ ಜೈಲಿನ ಹೊರಗಿನ ಹೊತ್ತಿನ ಅಂದಾಜೇ ತಪ್ಪಿದೆ. ಕೆಲವೇ ನಿಮಿಷ ತಾಳಿದ್ದರೆ ಕಾರು ಸಿಗುತ್ತಿತ್ತು, ಒಂದು ಜೀವ ಉಳಿಯುತ್ತಿತ್ತು. ಹಣ ಬದಲಾಗುವ ಆ ಮಾಲ್ ದೃಶ್ಯವನ್ನೂ ಮೂರು ಸಲ, ಮೂರು ಕಡೆಯವರ ಕಣ್ಣಿನಿಂದ ತೋರಿಸಿದ್ದಾನೆ. ‘ಪಲ್ಪ್ ಫಿಕ್ಷನ್’ನಲ್ಲಿ ಕಾಲವನ್ನು ಕಲಸಿದ್ದು ಬೆರಗಿಗಾಗಿ, ಇಲ್ಲಿ ಒಂದೇ ಕೆಲವು ನಿಮಿಷ ಒಬ್ಬೊಬ್ಬರ ಪಾಲಿಗೆ ಎಷ್ಟೆಷ್ಟು ಉದ್ದ ಎಂದು ಅಳೆಯುವುದಕ್ಕಾಗಿ. ಇದೇ ಉಪಾಯ ಇಲ್ಲಿ ಪಳಗಿದೆ.

ಮೊದಲ ಆಕ್ಷೇಪ ಬರುವುದು ಇಲ್ಲೇ. ‘ಜಾಕಿ ಬ್ರೌನ್’ ಅವನ ಸ್ವಂತ ಕತೆಯಲ್ಲ, ಎಲ್ಮೋರ್ ಲೆನಾರ್ಡ್ 1992ರಲ್ಲಿ ಬರೆದ ‘ರಮ್ ಪಂಚ್’ ಕಾದಂಬರಿ. ಬೇರೆಯವನ ಕತೆಯನ್ನು ಅವನ ಶ್ರೇಷ್ಠ ಕೃತಿ ಎನ್ನುವುದು ಹೇಗೆ? ಹಾಗೆ ನೋಡಿದರೆ ಟರಂಟಿನೊನ ಸ್ವಂತ ಎನ್ನುವುದೂ ಎರವಲೇ. ‘ರಿಸರ್ವಾಯರ್ ಡಾಗ್ಸ್’ 1987ರ ಹಾಂಗ್‌ಕಾಂಗ್ ಚಿತ್ರ ‘ಸಿಟಿ ಆನ್ ಫೈರ್’ಗೆ ಋಣಿ, ‘ಕಿಲ್ ಬಿಲ್’ 1973ರ ಜಪಾನೀ ಚಿತ್ರ ‘ಲೇಡಿ ಸ್ನೋಬ್ಲಡ್’ಗೆ ಋಣಿ. ಲೆನಾರ್ಡ್‌ನ ಹೆಸರನ್ನು ಪರದೆಯ ಮೇಲೆ ಹಾಕಿ ಸಾಲ ತಂದದ್ದು ಇದೊಂದಕ್ಕೇ. ಅದಕ್ಕಿಂತ ಮುಖ್ಯವಾಗಿ, ಸಾಲವನ್ನು ಅವನು ತನ್ನದಾಗಿಸಿಕೊಂಡ ಬಗೆ ನೋಡಬೇಕು. ಕಾದಂಬರಿಯ ಜಾಕಿ ಬರ್ಕ್ ಬಿಳಿಯ ಹೆಂಗಸು, ಊರು ಫ್ಲೋರಿಡಾ. ಅವನು ಅವಳನ್ನು ಕರಿಯಳನ್ನಾಗಿಸಿ, ಹೆಸರನ್ನು ಬ್ರೌನ್ ಎಂದು ಬದಲಿಸಿ, ಕತೆಯನ್ನು ತಾನು ಬೆಳೆದ ಲಾಸ್ ಏಂಜಲೀಸ್ ದಕ್ಷಿಣದ ಟಾರೆನ್ಸ್ ಕಡೆಗೆ ತಂದ. ಜಗತ್ತಿನ ಸಿನಿಮಾಗಳಿಂದ ಕಟ್ಟಿದ ಊರುಗಳಲ್ಲಿ ಕತೆ ಹೇಳುವವನು ತನ್ನ ಊರಿನ ಮಾಲು, ಬಾರು, ಬಾಡಿಗೆ ಮನೆಗಳಲ್ಲಿ ಕಾಲಿಟ್ಟು ನಿಂತ ಕತೆ ಇದು. ಎರವಲು ಕತೆ ಅವನಿಗೊಂದು ಲಗಾಮೂ ಆಯಿತು, ಆ ಲಗಾಮಿನಿಂದ ಅವನ ನಡಿಗೆ ಸುಧಾರಿಸಿತು.

ಎರಡನೆಯ ಆಕ್ಷೇಪಕ್ಕೆ ಮೊನೆ ಹೆಚ್ಚು. ಹಿಂಸೆಯ ನಿರ್ದೇಶಕನ ಕೃತಿಗಳಲ್ಲಿ ಅತಿ ಕಡಿಮೆ ಹಿಂಸೆಯದನ್ನು ಆರಿಸುವುದು ಸಭ್ಯಸ್ಥರ ಚಾಳಿ. ಕೈಗೆ ಮೆತ್ತಿಕೊಳ್ಳದೆ ರುಚಿವಂತ ಅನ್ನಿಸಿಕೊಳ್ಳುವ ಉಪಾಯ ಎನ್ನುತ್ತಾರೆ. ಹಿಂಸೆ ಕಡಿಮೆ ಎಂಬ ಕಾರಣಕ್ಕೆ ನಾನು ಆರಿಸಿದ್ದರೆ ಈ ಮಾತು ನಿಜವಾಗುತ್ತಿತ್ತು. ನಾನು ಆರಿಸಿದ್ದು ಅಲ್ಲಿ ಹಿಂಸೆ ಭಾರವಾಗಿದೆ ಎಂದು. ಹತ್ತಾರು ಹೆಣಗಳ ಹೋಟೆಲಿನಲ್ಲಿ ಯಾರಿಗೂ ಗಾಬರಿಯಾಗುವುದಿಲ್ಲ. ಪಾರ್ಕಿಂಗ್ ಜಾಗದ ಒಂದು ಸದ್ದಿಗೆ ಚಿತ್ರಮಂದಿರವೇ ಬೆಚ್ಚುತ್ತದೆ. ಹಿಂಸೆಯ ಪರವಾದ ವಾದವೂ ಇದೇ ಆಗಬೇಕಲ್ಲವೆ? ನೋವಾಗದ ಹಿಂಸೆಯೇ ಸಭ್ಯಸ್ಥರ ಹಿಂಸೆ. ಸಿನಿಮಾ ನಿಧಾನ ಎಂಬ ದೂರೂ ಇದರೊಂದಿಗೆ ಬರುತ್ತದೆ, 154 ನಿಮಿಷ. ‘ಪಲ್ಪ್ ಫಿಕ್ಷನ್’ ಕೂಡ ಅಷ್ಟೇ ಉದ್ದ. ಅಲ್ಲಿ ನಮ್ಮನ್ನು ಓಡಿಸುತ್ತಾನೆ, ಇಲ್ಲಿ ಜಾಕಿಯ ಜೊತೆ ಕಾಯಿಸುತ್ತಾನೆ. ಉಳಿದಿರುವ ಹೊತ್ತು ಕಡಿಮೆ ಎಂದು ಗೊತ್ತಿರುವವಳ ಕತೆಗೆ ಈ ನಿಧಾನ ಬೇಕು.

ಇನ್ನೊಂದು ದೂರಿಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ, ಇರಬೇಕೆಂದೂ ಇಲ್ಲ. ಕರಿಯರನ್ನು ಹೀಯಾಳಿಸುವ ಪದವನ್ನು ಈ ಸಿನಿಮಾದಲ್ಲಿ ಅತಿಯಾಗಿ ಬಳಸಿದ್ದಾನೆಂದು ನಿರ್ದೇಶಕ ಸ್ಪೈಕ್ ಲೀ ಆಗಲೇ ಬಹಿರಂಗವಾಗಿ ಪ್ರತಿಭಟಿಸಿದ್ದರು. ಆರ್ಡೆಲ್ ಆಗಿ ಆ ಮಾತುಗಳನ್ನಾಡಿದ ಸ್ಯಾಮ್ಯುಯೆಲ್ ಜಾಕ್ಸನ್ ನಿರ್ದೇಶಕನ ಪರ ನಿಂತರು. ಆರ್ಡೆಲ್‌ನಂಥವನು ಹಾಗೇ ಮಾತಾಡುತ್ತಾನೆ ಎಂಬ ಸಮರ್ಥನೆ ಪಾತ್ರಕ್ಕೆ ಸಾಕು, ಲೇಖಕನಿಗೆ ಸಾಲದು. ‘ಪಲ್ಪ್ ಫಿಕ್ಷನ್’ನಲ್ಲಿ ಆ ಪದವನ್ನು ಟರಂಟಿನೊ ತಾನೇ ನಟಿಸಿ ಆಡಿದ್ದನ್ನು ನೋಡಿದರೆ ಅದರ ಮೇಲೆ ಅವನಿಗೊಂದು ಚಪಲವಿದೆ ಎಂಬ ಅನುಮಾನ ಹೋಗುವುದಿಲ್ಲ. ಆದರೆ ಈ ಕಳಂಕ ಅವನ ಹಲವು ಸಿನಿಮಾಗಳಿಗೆ ಸಮಾನವಾಗಿ ಹಂಚಿಹೋಗಿದೆ. ಜಾಕಿಯನ್ನು ಘನತೆಯಿಂದ ನಡೆಸಿಕೊಂಡಿರುವುದು ಮಾತ್ರ ಈ ಸಿನಿಮಾದ್ದೇ.

ವಯಸ್ಸಾಗುವುದೇ ವಿಷಯವಾದರೆ ‘ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್’ ಏಕಿಲ್ಲ ಎಂದು ಕೇಳುವವರು ಸರಿಯಾದ ಜಾಗಕ್ಕೇ ಕೈಹಾಕಿದ್ದಾರೆ. ಇಳಿಮುಖದ ನಟ ರಿಕ್ ಡಾಲ್ಟನ್ ಶೂಟಿಂಗ್ ಜಾಗದಲ್ಲಿ, ಬಿದ್ದು ಬಲ ಕಳೆದುಕೊಂಡ ಕುದುರೆ ಪಳಗಿಸುವವನ ಕಾದಂಬರಿಯ ಕತೆಯನ್ನು ಎಂಟು ವರ್ಷದ ಹುಡುಗಿಗೆ ಹೇಳುತ್ತ, ಅದು ತನ್ನ ಕತೆ ಎಂದು ಹೊಳೆದು ಅಳುವ ದೃಶ್ಯ ಜಾಕಿಯ ಕಾಫಿಯ ದೃಶ್ಯಕ್ಕೆ ಸ್ವಂತ ತಂಗಿ. ಆದರೆ ಆ ಸಿನಿಮಾಕ್ಕೆ ತನ್ನ ದುಃಖದ ಮೇಲೆ ನಂಬಿಕೆ ಸಾಲಲಿಲ್ಲ. 1969ರ ಆಗಸ್ಟಿನ ಒಂದು ರಾತ್ರಿ ನಟಿ ಶರಾನ್ ಟೇಟ್‌ಳನ್ನು ನಿಜವಾಗಿ ಕೊಂದ ಮ್ಯಾನ್ಸನ್ ಗುಂಪಿನವರು ಸಿನಿಮಾದಲ್ಲಿ ಅವಳ ಮನೆಗೆ ಹೋಗದೆ ಪಕ್ಕದ ರಿಕ್ ಮನೆಗೆ ನುಗ್ಗುತ್ತಾರೆ, ನಾಯಿ ಕಚ್ಚಿ, ಬೆಂಕಿ ಉಗುಳುವ ಯಂತ್ರ ಸುಟ್ಟು ಸಾಯುತ್ತಾರೆ, ರಿಕ್‌ಗೆ ಪಕ್ಕದ ಮನೆಯ ಗೇಟು ತೆರೆಯುತ್ತದೆ. ಮುಪ್ಪಿನ ಸಮಸ್ಯೆಯನ್ನು ಒಂದು ಹೊಡೆದಾಟ ಬಗೆಹರಿಸಿಬಿಟ್ಟಿತು. ಜಾಕಿಗೆ ಇಂಥ ಸಹಾಯವಿಲ್ಲ. ಅವಳು ಹಣ ಗೆಲ್ಲುತ್ತಾಳೆ, ಯೌವನವನ್ನಲ್ಲ. ಮ್ಯಾಕ್ಸ್ ತನ್ನ ಹತ್ತು ಪರ್ಸೆಂಟ್ ಕಮಿಷನ್ ಇಟ್ಟುಕೊಂಡು, ಜೊತೆಗೆ ಬಾ ಎಂಬ ಅವಳ ಕರೆಗೆ ಒಪ್ಪದೆ ಅಂಗಡಿಯಲ್ಲೇ ಉಳಿಯುತ್ತಾನೆ. ಐವತ್ತಾರರಲ್ಲಿ ಕೆಲವರಿಗೆ ಧೈರ್ಯ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಚರಿತ್ರೆಯನ್ನು ತಿದ್ದಬಲ್ಲ ನಿರ್ದೇಶಕ ಈ ಇಬ್ಬರ ಬದುಕನ್ನು ತಿದ್ದಲು ಹೋಗಲಿಲ್ಲ.

ಕೊನೆಯದು ಪ್ರಭಾವದ ವಾದ: ‘ಪಲ್ಪ್ ಫಿಕ್ಷನ್’ ಸಿನಿಮಾದ ವ್ಯಾಕರಣ ಬದಲಿಸಿತು, ‘ಜಾಕಿ ಬ್ರೌನ್’ ಏನನ್ನೂ ಬದಲಿಸಲಿಲ್ಲ. ನಿಜ, ಆದರೆ ಪ್ರಭಾವ ಚರಿತ್ರೆಕಾರರ ಲೆಕ್ಕ, ಶ್ರೇಷ್ಠತೆಯದಲ್ಲ. ಅವನನ್ನು ಅನುಕರಿಸಿದವರಲ್ಲಿ ಕಪ್ಪು ಸೂಟು, ಪಿಸ್ತೂಲು, ಬೈಗುಳ ಮಾತ್ರ ಎತ್ತಿಕೊಂಡವರು ಬೇಗ ಮಾಸಿಹೋದರು. ಮಾತು ಮತ್ತು ಹೊತ್ತಿನ ಗುಟ್ಟು ಹಿಡಿದವರು ಉಳಿದರು. ಸಂಜಯ್ ಗುಪ್ತಾರ 2002ರ ‘ಕಾಂಟೆ’ ಮೊದಲ ಸಾಲಿನದು, ಸೂಟುಗಳೆಲ್ಲ ಇವೆ. ರಕ್ಷಿತ್ ಶೆಟ್ಟರ 2014ರ ‘ಉಳಿದವರು ಕಂಡಂತೆ’ ಎರಡನೆಯ ಸಾಲಿನದು. ಅದರ ಅಧ್ಯಾಯಗಳ ಕಟ್ಟೋಣಕ್ಕೂ ಹಿಂದುಮುಂದಾದ ಕಾಲಕ್ಕೂ ಟರಂಟಿನೊ ಹೆಸರು ತಳುಕು ಹಾಕಿಕೊಂಡಿತು. ಆದರೆ ಆ ಸಿನಿಮಾ ನಿಂತಿರುವುದು ಮಲ್ಪೆಯ ಬಂದರಿನ ಕನ್ನಡದ ಮೇಲೆ, ಅಷ್ಟಮಿಯ ಹುಲಿವೇಷದ ಮೇಲೆ, ಯಾವ ಅವಸರವೂ ಇಲ್ಲದ ಕರಾವಳಿಯ ಹೊತ್ತಿನ ಮೇಲೆ. ಅವನಿಂದ ಕಲಿಯಬೇಕಾದ್ದು ಯಾವುದೆಂದು ದೂರದ ಶಿಷ್ಯರೇ ತೋರಿಸಿಕೊಟ್ಟಂತಾಯಿತು.

ಹಾಗಾಗಿ ನನ್ನ ಪಟ್ಟಿ ಹೀಗೆ: ‘ಜಾಕಿ ಬ್ರೌನ್’ ಮೊದಲು. ಬಿಡಿ ದೃಶ್ಯಗಳ ಬಲದಿಂದ ‘ಬಾಸ್ಟರ್ಡ್ಸ್’ ಎರಡನೆಯದು. ಮಾತಿನ ಹೊಸತನಕ್ಕೆ ‘ಪಲ್ಪ್ ಫಿಕ್ಷನ್’ ಮೂರನೆಯದು. ಅರ್ಧ ದಾರಿಯವರೆಗೆ ಪ್ರಾಮಾಣಿಕವಾಗಿದ್ದ ‘ಹಾಲಿವುಡ್’ ನಾಲ್ಕನೆಯದು, ಗೋದಾಮಿನ ಆ ಬಾಗಿಲಿಗಾಗಿ ‘ರಿಸರ್ವಾಯರ್ ಡಾಗ್ಸ್’ ಐದನೆಯದು. ಉಳಿದ ನಾಲ್ಕರ ಕ್ರಮವನ್ನು ಯಾರು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು. ಹತ್ತನೆಯದು ಬಂದಾಗ ಪಟ್ಟಿ ಅಲುಗಾಡಬಹುದು. ಅದಾಗುವುದೆಂದು ಭಾವಿಸಿದ್ದ ‘ದಿ ಮೂವಿ ಕ್ರಿಟಿಕ್’ ಯೋಜನೆಯನ್ನು ಅವನು 2024ರಲ್ಲಿ ಕೈಬಿಟ್ಟಿದ್ದಾನೆ. 1963ರಲ್ಲಿ ಹುಟ್ಟಿದ ಅವನೀಗ ಮ್ಯಾಕ್ಸ್ ಚೆರಿಗಿಂತ ಹಿರಿಯ. ಮೂವತ್ತನಾಲ್ಕರಲ್ಲಿ ಊಹಿಸಿ ಬರೆದ ವಯಸ್ಸು ಈಗ ಅವನ ಸ್ವಂತದ್ದಾಗಿದೆ, ಊಹೆಗಿಂತ ಅನುಭವ ಮೇಲೋ ಎಂದು ಅವನೇ ಪರೀಕ್ಷಿಸಿ ತೋರಿಸಬಹುದು. ಅಲ್ಲಿಯವರೆಗೆ ನನ್ನ ಪಟ್ಟಿಯನ್ನು ಉರುಳಿಸಬೇಕೆಂದಿರುವವರು ಕಿವಿ, ಸೂಜಿ, ಕತ್ತಿಗಳ ಸಾಕ್ಷ್ಯ ತರುವುದು ಬೇಡ. ಜಾಕಿ ಮತ್ತು ಮ್ಯಾಕ್ಸ್ ಕಾಫಿ ಕುಡಿಯುತ್ತ ಆಡಿದ ಮಾತಿಗೆ ಸರಿಸಾಟಿಯಾದ ಒಂದು ಮಾತುಕತೆಯನ್ನು ಉಳಿದ ಎಂಟರಿಂದ ಹೆಕ್ಕಿ ತಂದರೆ ಸಾಕು, ವಾದ ಮತ್ತೆ ಶುರು ಮಾಡೋಣ.